ಅಕ್ಕನ ಅಳು ಊರ ಹಾಡಾದದ್ದು

ನಮ್ಮ ಕಡೆ ಯಾವ ಆಟೋ ಹತ್ತಿದರೂ ಈಗ ಒಂದೇ ಹಾಡು. ಹಿಂದೆ ಗಿಟಾರ್ ಮೆಲ್ಲಗೆ ನುಡಿಯುತ್ತಿರುತ್ತದೆ, ಹುಡುಗಿಯೊಬ್ಬಳು ಉಸಿರು ಹಿಡಿದು ‘ಒಮ್ಮೆ ಬಂದು ನೋಡಿ ಹೋಗೋ’ ಎಂದು ಶುರು ಮಾಡುತ್ತಾಳೆ, ಆಮೇಲೆ ಕೊಳಲು ಬರುತ್ತದೆ. ಕಾಲೇಜು ಹುಡುಗಿಯರು ಅದನ್ನು ರಿಂಗ್‌ಟೋನ್ ಮಾಡಿಕೊಂಡಿದ್ದಾರೆ. ಮದುವೆಗೆ ಮುಂಚೆ ಜೋಡಿಗಳು ಕೋಟೆಯ ಹತ್ತಿರ ವಿಡಿಯೋ ತೆಗೆಸಿಕೊಳ್ಳುತ್ತಾರಲ್ಲ, ಅದಕ್ಕೂ ಇದೇ ಬೇಕು. ಹಾಡಿದವಳದು ಮೊದಲ ಆಲ್ಬಂ. ಅದರಲ್ಲಿದ್ದ ಬೇರೆ ಹಾಡುಗಳು ಯಾರ ಕಿವಿಗೂ ಬೀಳಲಿಲ್ಲ, ಇದೊಂದು ಮಾತ್ರ ಹತ್ತಿಕೊಂಡು ಉರಿಯಿತು.

ಹಾಡಿದವಳು ನನ್ನ ಅಕ್ಕನ ಮಗಳು. ಆ ರಾಗ ಅಕ್ಕನದು. ಅಕ್ಕ ಅದನ್ನು ಹಾಡಿದ್ದು ಮಗನ ಹೆಣದ ಮುಂದೆ ಕೂತು.

ನಾನು ಹಣ್ಣಿನ ವ್ಯಾಪಾರದವಳು. ಕಮಲಾಪುರದ ಕೆಂಪು ಬಾಳೆಯನ್ನು ತೋಟದಲ್ಲೇ ಮಾತಾಡಿ ಹಿಡಿಯುತ್ತೇನೆ, ಕಲಬುರಗಿಯಲ್ಲಿ ಮಾರುತ್ತೇನೆ. ಶುರು ಮಾಡಿದ್ದು ಬಸ್ ಸ್ಟ್ಯಾಂಡಿನಲ್ಲಿ, ತಲೆಯ ಮೇಲೆ ಬುಟ್ಟಿ ಹೊತ್ತು. ಕಿಟಕಿಗೆ ಕೈ ಚಾಚಿ, ಬಸ್ಸು ಗೇರು ಹಾಕುವುದರೊಳಗೆ ಚೌಕಾಸಿ ಮುಗಿಸಬೇಕು. ಅಲ್ಲಿ ಕಲಿತವಳಿಗೆ ಆಮೇಲೆ ಯಾವ ದಲ್ಲಾಳಿಯೂ ದೊಡ್ಡವನು ಅನ್ನಿಸಲಿಲ್ಲ. ಈಗ ಅಂಗಡಿ ಇದೆ, ಗಾಡಿ ಇದೆ, ಜೇವರ್ಗಿ ಕಾಲೋನಿಯಲ್ಲಿ ಮನೆ ಇದೆ. ಅಕ್ಕಪಕ್ಕದ ಮಾಸ್ತರರು, ಬ್ಯಾಂಕಿನವರು ಕೂಡ ಸೈಟು ಕೊಳ್ಳುವ ಮುಂಚೆ, ಹೆಣ್ಣು ನೋಡುವ ಮುಂಚೆ ನನ್ನನ್ನು ಒಂದು ಮಾತು ಕೇಳುತ್ತಾರೆ. ಕೇಳದಿದ್ದರೂ ನಾನು ಹೇಳುತ್ತೇನೆ. ಎದುರಿನವನಿಗೆ ಏನು ಬೇಕು ಅನ್ನುವುದು ಗೊತ್ತಾದರೆ ಸಾಕು, ಯಾವ ಜಗಳವನ್ನೂ ಮುಗಿಸಬಹುದು ಎಂದು ನಂಬಿ ಬದುಕಿದವಳು ನಾನು. ಈ ಒಂದು ಜಗಳ ನನ್ನ ಕೈಯಲ್ಲಿ ಮುಗಿಯಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅಕ್ಕನ ಮನೆ ಕಮಲಾಪುರದಲ್ಲಿ. ಸಣ್ಣ ಬಾಳೆತೋಟ, ಒಬ್ಬ ಮಗ, ಅವನ ಬೆನ್ನಿಗೆ ಒಬ್ಬಳು ಮಗಳು. ಮಗ ನಂದೂರಿನ ದಾಲ್ ಮಿಲ್ಲಿನಲ್ಲಿ ಕೆಲಸಕ್ಕಿದ್ದ. ಮೋಟರ್ ಸೈಕಲ್ ಮೇಲೆ ಬೆಳಿಗ್ಗೆ ಹೋಗಿ ಸಂಜೆಗೆ ಬರುತ್ತಿದ್ದ. ತಂಗಿಗೆ ಕಂಠ ಇದೆ ಎಂದು ಮೊದಲು ಹೇಳಿದವನೂ ಅವನೇ. ಅವಳನ್ನು ನನ್ನ ಮನೆಯಲ್ಲಿ ಇರಿಸಿ, ಕಾಲೇಜಿಗೂ ಸಂಗೀತದ ಕ್ಲಾಸಿಗೂ ಹಚ್ಚಿದ. ಮಿಲ್ಲಿನಿಂದ ಬಿಟ್ಟ ಮೇಲೆ ನಮ್ಮಲ್ಲಿಗೆ ಬಂದು, ಬೇಳೆಯ ಧೂಳು ಮೆತ್ತಿದ ಅಂಗಿಯಲ್ಲೇ ಬಾಗಿಲ ಹೊರಗೆ ನಿಂತು ಅವಳು ಹಾಡುವುದನ್ನು ಕೇಳಿ ಹೋಗುತ್ತಿದ್ದ. ಒಳಗೆ ಬಾ ಅಂದರೆ, ನಿನ್ನ ಸೋಫಾ ಹಾಳಾಗ್ತದ ಸಣ್ಣವ್ವ ಅನ್ನುತ್ತಿದ್ದ.

ಒಂದು ಸಂಜೆ ಅವನು ಊರು ಮುಟ್ಟಲಿಲ್ಲ. ಹುಮನಾಬಾದ್ ರಸ್ತೆಯಲ್ಲಿ ಲಾರಿಯೊಂದು ಹೊಡೆದು ನಿಲ್ಲದೆ ಹೋಯಿತು.

ನಮ್ಮಲ್ಲಿ ಹೆಂಗಸರು ಸುಮ್ಮನೆ ಅಳುವುದಿಲ್ಲ, ಹಾಡ್ಯಾಡಿ ಅಳುತ್ತಾರೆ. ಹೆಣವನ್ನು ಪಡಸಾಲೆಯಲ್ಲಿ ಕೂಡಿಸಿ ಗಂಡಸರು ಒಂದು ಕಡೆ ಭಜನೆಗೆ ಕೂತರೆ, ಇನ್ನೊಂದು ಕಡೆ ಹೆಂಗಸರು ಒಬ್ಬರ ಕೊರಳಿಗೆ ಒಬ್ಬರು ಬಿದ್ದು, ಸತ್ತವನ ಗುಣ, ಅವನು ಉಂಡದ್ದು, ಉಣ್ಣದೆ ಹೋದದ್ದು ಎಲ್ಲವನ್ನೂ ರಾಗ ಎಳೆದು ಹೇಳುತ್ತಾರೆ. ಹತ್ತಿರದವಳು ಮೊದಲು ಎತ್ತಬೇಕು, ಉಳಿದವರು ಕೂಡಬೇಕು. ಆ ಮಾತನ್ನು ಯಾರೂ ಕಲಿಸುವುದಿಲ್ಲ, ಆ ಗಳಿಗೆಗೆ ಬಾಯಿಗೆ ಬಂದದ್ದು ಬಂತು. ಮಣ್ಣಾದ ಮೇಲೆ ಅದನ್ನು ಮತ್ತೆ ಯಾರೂ ಅನ್ನುವುದಿಲ್ಲ. ಸಾವಿಲ್ಲದ ಮನೆಯಲ್ಲಿ ಅಳುವ ಹಾಡು ಅಂದರೆ ಸಾವನ್ನು ಬಾ ಅಂದ ಹಾಗೆ ಎಂದು ನಮ್ಮ ಹಿರಿಯರು ಮಕ್ಕಳ ಬಾಯಿಗೆ ಹೊಡೆಯುತ್ತಿದ್ದರು.

ಅಕ್ಕ ಅಂದು ‘ಒಮ್ಮೆ ಬಂದು ಉಂಡು ಹೋಗೋ ನನ್ನಪ್ಪ’ ಎಂದು ಎತ್ತಿದಳು. ಅವಳ ದನಿ ಮೊದಲಿನಿಂದಲೂ ಚೆಂದ. ಕೊನೆಗೆ ಎಳೆದು ಒಂದು ಕಡೆ ಒಡೆಯುತ್ತದೆ, ಒಡೆದಲ್ಲಿಂದಲೇ ಮತ್ತೆ ಏಳುತ್ತದೆ. ಭಜನೆಯ ಗಂಡಸರು ತಾಳ ನಿಲ್ಲಿಸಿದರು. ಮಗಳು ಅವ್ವನ ತೊಡೆಗೆ ತಲೆ ಇಟ್ಟು ಮಲಗಿದ್ದಳು. ಅವಳು ಅಳುತ್ತಿದ್ದಳೋ ಕೇಳುತ್ತಿದ್ದಳೋ ನನಗೆ ಗೊತ್ತಾಗಲಿಲ್ಲ.

ಎರಡು ವರ್ಷದ ಮೇಲೆ ಆಲ್ಬಂ ಬಂತು. ಬೆಂಗಳೂರಿನ ಒಂದು ಕಂಪನಿ ಅವಳ ಹಾಡು ಫೋನಿನಲ್ಲಿ ನೋಡಿ ಕರೆಸಿಕೊಂಡಿತ್ತು. ಕರಾರಿಗೆ ಸಹಿ ಹಾಕುವಾಗ ಅವಳು ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ನಾನು ಒಂದೊಂದು ಸಾಲನ್ನೂ ಓದಿ ನೋಡುತ್ತಿದ್ದೆ. ನಿಮ್ಮ ಮಕ್ಕಳೂ ಹಾಡುವವರಿದ್ದರೆ ಕೇಳಿಟ್ಟುಕೊಳ್ಳಿ: ಕಂಠ ನಿಮ್ಮದು ಅಂದ ಮಾತ್ರಕ್ಕೆ ಹಾಡು ನಿಮ್ಮದಲ್ಲ. ಸಹಿ ಆದ ಮೇಲೆ ಅದು ಕಾಗದ ಯಾರ ಹತ್ತಿರ ಇದೆಯೋ ಅವರದು. ಸಾಹಿತ್ಯ ಬರೆಯುವವನು ಉಣ್ಣುವುದನ್ನು ತೆಗೆದು ನೋಡುವುದನ್ನು ಹಾಕಿದ, ಅಪ್ಪನನ್ನು ತೆಗೆದು ದೊರೆಯನ್ನು ಹಾಕಿದ. ಬೆಳದಿಂಗಳು ಬಂತು, ಮುಂಗುರುಳು ಬಂತು. ಒಟ್ಟಿನಲ್ಲಿ ಪ್ರೀತಿಯ ಹಾಡಾಯಿತು. ಆದರೆ ಎಳೆತ ಅದೇ, ಒಡೆಯುವ ಜಾಗವೂ ಅದೇ.

ನಾನು ಮೊದಲು ಕೇಳಿದ್ದು ಅಂಗಡಿಯಲ್ಲಿ, ಗಿರಾಕಿಯೊಬ್ಬಳ ಫೋನಿನಲ್ಲಿ. ತೂಕ ಮಾಡುತ್ತಿದ್ದ ಕೈ ನಿಂತಿತು. ಅಕ್ಕ ಕೇಳಿದ್ದು ಕಮಲಾಪುರದಲ್ಲಿ, ಭಾವನ ಕಡೆಯವರ ಮದುವೆಯಲ್ಲಿ. ಮದುಮಗಳು ಮಂಟಪಕ್ಕೆ ಬರುವಾಗ ಡಿಜೆಯವನು ಅದನ್ನೇ ಹಾಕಿದನಂತೆ. ಅಕ್ಕನ ಕೈಯಲ್ಲಿ ಅಕ್ಷತೆಯ ತಟ್ಟೆ ಇತ್ತಂತೆ. ಅದನ್ನು ಪಕ್ಕದವಳಿಗೆ ಕೊಟ್ಟು, ಚಪ್ಪಲಿ ಹುಡುಕದೆ, ಬರಿಗಾಲಲ್ಲಿ ಮನೆಗೆ ನಡೆದಳಂತೆ. ಅವತ್ತಿನಿಂದ ಮಗಳ ಫೋನು ಎತ್ತಲಿಲ್ಲ. ಊರಿನ ಹೆಂಗಸರು, ನಿನ್ನ ಮಗಳು ಊರಿಗೇ ಹೆಸರು ತಂದಳು ಎಂದು ಹೇಳಲು ಬಂದರೆ ಅಕ್ಕ ಎದ್ದು ಹಿತ್ತಲಿಗೆ ಹೋಗುತ್ತಿದ್ದಳು.

ನಾನು ಬಾಳೆ ನೋಡುವ ನೆಪದಲ್ಲಿ ಹೋದೆ. ಅಕ್ಕ ಜೋಳ ಕೇರುತ್ತಿದ್ದಳು. ಮೊರ ಕೆಳಗಿಡದೆ ಹೇಳಿದಳು:

“ನೀ ಎಂಥೆಂಥಾ ಮಂದಿನ್ನ ಮಾತಾಡಿ ಒಪ್ಪಿಸ್ತಿ. ಆ ಹಾಡು ಬಂದ್ ಮಾಡಿಸು. ಬಂದ್ ಆದ ಮ್ಯಾಲ ಅಕಿ ಮನಿಗಿ ಬರ್ಲಿ.”

“ಅದೇನ್ ಬಾಳಿಗೊನಿ ಏನಕ್ಕಾ, ವಾಪಸ್ ತಂದು ಗಿಡಕ್ಕ ಕಟ್ಟಾಕ? ಅಕಿ ಅಣ್ಣನ ಮ್ಯಾಲಿನ ಮಾಯಾಕ್ಕ ಹಾಡ್ಯಾಳ.”

“ಅಕಿ ಮಾಯಾ ಅಕಿ ಕಡೀ ಇಟ್ಕೊಬೇಕಿತ್ತು. ನಾ ಅತ್ತಿದ್ದು ಅವನ ಮುಂದ. ಮದಿವಿ ಮಂಟಪದಾಗ ಅಲ್ಲ.”

ಭಾವ ಹೊರಸಿನ ಮೇಲೆ ಕೂತು ಕೇಳುತ್ತಿದ್ದ. ಎದೆ ಹಿಡಿದುಕೊಂಡು ಮಾತಾಡುವ ಮನುಷ್ಯ, ಆಗಲೇ ಗುಳಿಗೆಗಳ ಮೇಲಿದ್ದ. ಅವನು ಮಗಳ ಜೊತೆ ಕದ್ದು ಫೋನಿನಲ್ಲಿ ಮಾತಾಡುತ್ತಿದ್ದ ಎನ್ನುವುದು ನನಗೆ ಗೊತ್ತಿತ್ತು. ಅಕ್ಕನಿಗೂ ಗೊತ್ತಿತ್ತು ಅನ್ನಿಸುತ್ತದೆ. ನನ್ನನ್ನು ಗಾಡಿಯ ತನಕ ಕಳಿಸಲು ಬಂದು, ಹೆಂಗರ ಮಾಡು, ನಾ ಇರೂದ್ರಾಗ ಇಬ್ಬರನ್ನೂ ಒಂದ್ ಮಾಡು ಎಂದ. ಅಂದರೆ ವ್ಯವಹಾರ ನನ್ನ ಕೈಗೆ ಬಂತು. ಒಂದು ಕಡೆ ಹಾಡು ನಿಲ್ಲಬೇಕು ಅನ್ನುವ ಅವ್ವ, ಇನ್ನೊಂದು ಕಡೆ ಹಾಡಿನಿಂದಲೇ ಎದ್ದು ನಿಂತ ಮಗಳು, ನಡುವೆ ದಿನ ಎಣಿಸುವ ಭಾವ.

ಆ ಚಳಿಗಾಲದಲ್ಲಿ ಕಂಪನಿಯವರು ಕಲಬುರಗಿಯಲ್ಲೇ ಕಾರ್ಯಕ್ರಮ ಇಟ್ಟರು. ಹಿಂದಿನ ದಿನ ಅವರ ಮ್ಯಾನೇಜರ್ ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಇಳಿದಿದ್ದ. ಕೆಂಪು ಬಾಳೆಯ ಒಂದು ಚಿಪ್ಪು ಹಿಡಿದುಕೊಂಡು ಹೋದೆ. ಬರಿಗೈಯಲ್ಲಿ ಯಾರ ಹತ್ತಿರವೂ ಹೋಗಬಾರದು, ಹಾಗೆಂದು ಬೆಲೆಬಾಳುವ ವಸ್ತುವನ್ನೂ ಒಯ್ಯಬಾರದು. ತಿಂದು ಮುಗಿಸಿ ಸಿಪ್ಪೆ ಎಲ್ಲಿಡಲಿ ಎಂದು ಅವನೇ ಕೇಳುವಂಥದ್ದು ಒಯ್ಯಬೇಕು. ಹುಡುಗ ಮರ್ಯಾದಸ್ಥನೇ. ಕಿವಿಯಲ್ಲಿದ್ದ ಇಯರ್‌ಫೋನು ತೆಗೆದು ಪಕ್ಕಕ್ಕಿಟ್ಟು ಮಾತು ಕೇಳಿದ.

ಹಾಡು ನಿಲ್ಲಿಸಿ ಎಂದು ನಾನು ಕೇಳಲಿಲ್ಲ, ಆಗದ್ದನ್ನು ಕೇಳಿದರೆ ಮಾತು ಅಲ್ಲೇ ಮುಗಿಯುತ್ತದೆ. ಈ ಊರಿನಲ್ಲಿ ಮಾತ್ರ ಹಾಡಿಸಬೇಡಿ ಅಂದೆ. ಅವನು ನಕ್ಕ.

“ಅಮ್ಮಾ, ಜನ ಬರೋದೇ ಆ ಒಂದು ಹಾಡಿಗೆ. ಅದಿಲ್ಲ ಅಂದ್ರೆ ಕುರ್ಚಿ ಮುರೀತಾರೆ.”

ಹಾಗಾದರೆ ಒಂದು ಮೆಟ್ಟಿಲು ಇಳಿದೆ. ಹಾಡುವ ಮುಂಚೆ ಇದು ಪ್ರೀತಿಯ ಹಾಡಲ್ಲ, ಸತ್ತ ಅಣ್ಣನ ಮುಂದೆ ನಮ್ಮವ್ವ ಅತ್ತದ್ದು ಎಂದು ಒಂದು ಮಾತು ಹೇಳಲಿ. ಮದುವೆಗಳಲ್ಲಿ ಹಾಕುವುದಾದರೂ ಕಡಿಮೆಯಾದೀತು ಅಂದೆ. ಅವನ ಕಣ್ಣು ಅರಳಿತು. ಕುರ್ಚಿಯ ತುದಿಗೆ ಬಂದ.

“ಇದು ಯಾಕೆ ಮೊದಲೇ ಹೇಳ್ಲಿಲ್ಲ ಅವರು? ಸೂಪರ್ ಅಮ್ಮಾ. ತಾಯಿನ ಸ್ಟೇಜಿಗೆ ಕರೀಬಹುದಾ? ಬರೀ ಬಂದು ನಿಂತ್ಕೊಂಡ್ರೂ ಸಾಕು.”

ವ್ಯಾಪಾರದಲ್ಲಿ ಎದುರಿನವನು ಬೇಗ ಒಪ್ಪಿದರೆ ಕೈ ಹಿಂದಕ್ಕೆ ತೆಗೆದುಕೊಳ್ಳಬೇಕು. ನಾನು ಕಾಳಜಿ ಅಂದುಕೊಂಡು ಇಟ್ಟದ್ದನ್ನು ಅವನು ಮಾಲು ಅಂದುಕೊಂಡು ಎತ್ತಿಕೊಳ್ಳುತ್ತಿದ್ದ. ಅಕ್ಕನಿಗೆ ಮಂಡಿನೋವು, ಮೆಟ್ಟಿಲು ಹತ್ತಲಾರಳು ಎಂದು ಏನೋ ಒಂದು ಹೇಳಿ, ಏನೂ ಹೇಳಿಸಬೇಡಿ, ಸುಮ್ಮನೆ ಹಾಡಿಸಿ ಎಂದು ಕೈ ಮುಗಿದು ಎದ್ದು ಬಂದೆ. ಹಿಂದೆ ಬಂದು ಬಾಗಿಲಲ್ಲಿ ಮತ್ತೆ ಕೇಳಿದ. ಒಂದು ಮಾತು ಹಿಂದಕ್ಕೆ ತೆಗೆದುಕೊಳ್ಳಲು ನಾನು ಅಷ್ಟು ಹೆಣಗಿದ್ದು ಅದೇ ಮೊದಲು.

ಕಾರ್ಯಕ್ರಮಕ್ಕೆ ಹೋದೆ. ಆ ಹಾಡು ಬಂದಾಗ ಮಂದಿ ಫೋನಿನ ಲೈಟು ಹಚ್ಚಿ ಕೈ ಮೇಲೆತ್ತಿ ಆಚೀಚೆ ಆಡಿಸಿದರು. ಅಕ್ಕನ ದನಿ ಒಡೆಯುವ ಜಾಗದಲ್ಲಿ ಸಾವಿರ ಜನ ಒಟ್ಟಿಗೆ ಕೂಗಿದರು, ಸೀಟಿ ಹೊಡೆದರು. ನನ್ನ ಪಕ್ಕದ ಹುಡುಗ ಪಕ್ಕದ ಹುಡುಗಿಯ ಕೈ ಹಿಡಿದುಕೊಂಡ. ಅವರದೇನೂ ತಪ್ಪಿಲ್ಲ. ಅವರಿಗೆ ಅದು ಚೆಂದವಾಗಿತ್ತು. ನನಗೇ ಬೇಳೆಯ ಧೂಳಿನ ಅಂಗಿ ಕಣ್ಣಿಗೆ ಕಟ್ಟಿ ಕೂಡಲಾಗಲಿಲ್ಲ.

ಹಿಂದಿನ ಕೋಣೆಯಲ್ಲಿ ಅವಳು ಮುಖದ ಬಣ್ಣ ಒರೆಸಿಕೊಳ್ಳುತ್ತ ಕೂತಿದ್ದಳು. ಅವ್ವ ಏನಂದಳು ಎಂದು ಕೇಳಿದಳು. ಹೇಳಿದೆ. ಅಣ್ಣ ಸತ್ತ ಮೇಲೆ ಮನೆಯಲ್ಲಿ ಅವನ ಹೆಸರು ಯಾರೂ ಎತ್ತುತ್ತಿರಲಿಲ್ಲ, ಅವನ ಫೋಟೋ ಕೂಡ ಟ್ರಂಕಿಗೆ ಹಾಕಿದ್ದರು, ಎಲ್ಲಾದರೂ ಒಂದು ಕಡೆ ಅವನು ಇರಲಿ ಎಂದು ಹಾಡಿದೆ ಅಂದಳು. ಆಮೇಲೆ ಹೇಳಿದ್ದು ಇದು:

“ಮೊದಲ ಸಲ ರೆಕಾರ್ಡ್ ಮಾಡುವಾಗ ಅಳು ಬಂದು ಮೂರ್ನಾಲ್ಕು ಸಲ ನಿಲ್ಲಿಸಿದ್ರು, ಸಣ್ಣವ್ವ. ಈಗ ಎಲ್ಲಿ ಉಸಿರು ತಗೋಬೇಕು ಅನ್ನೋದಷ್ಟೇ ನೆನಪಿರ್ತದ. ಅವನ ಮಾರಿ ಕಣ್ಣ ಮುಂದ ಬರವಲ್ದು.”

ಅವ್ವನಿಗೂ ಇದನ್ನು ಹೇಳು ಅಂದೆ. ಫೋನು ಎತ್ತಿದರೆ ತಾನೇ ಅಂದಳು.

ಮತ್ತೆ ಕಮಲಾಪುರಕ್ಕೆ ಹೋದೆ, ಮತ್ತೆ ಬಂದೆ. ಬಾಳೆಯ ಗಾಡಿ ಹೋದಾಗಲೆಲ್ಲ ನಾನೂ ಹೋದೆ. ಅಕ್ಕನನ್ನು ಒಂದೇ ಸಲ ಬಗ್ಗಿಸಲಾಗದು ಎಂದು ಗೊತ್ತಿತ್ತು. ಮೊದಲು ಹಾಡು ನಿಲ್ಲಿಸುವ ಮಾತು ಬಿಡಿಸಿದೆ. ಆಮೇಲೆ ಮಗಳು ಮನೆಯಲ್ಲಿ ಆ ಹಾಡು ಗುನುಗುವುದಿಲ್ಲ, ಯಾರು ಕೇಳಿದರೂ ಹಾಡುವುದಿಲ್ಲ ಎಂಬ ಖಾತ್ರಿ ಕೊಟ್ಟೆ. ಸೆಲ್ಫಿಗೆ ಬರುವ ಮಂದಿಯನ್ನು ಅಂಗಳದಾಚೆಯೇ ನಾನು ತಡೆಯುತ್ತೇನೆ ಅಂದೆ. ಕೊನೆಗೆ ಒಂದು ದಿನ ಅಕ್ಕ, ಬರ್ಲಿ, ಉಂಡು ಹೋಗ್ಲಿ, ನಾ ಮಾತಾಡಂಗಿಲ್ಲ ಅಂದಳು. ಮಾತಾಡಂಗಿಲ್ಲ ಅನ್ನುವುದು ನನ್ನ ಕಿವಿಗೆ ಬೀಳಲೇ ಇಲ್ಲ ಅನ್ನುವ ಹಾಗೆ ಎದ್ದೆ. ಅಮಾವಾಸ್ಯೆ ಕಳೆದ ಸೋಮವಾರಕ್ಕೆ ಮಾತಾಯಿತು. ಭಾವ ಸಂತೋಷಕ್ಕೆ ಹೊರಸಿನ ಹಗ್ಗ ಬಿಗಿ ಮಾಡಿಸಿದ, ಮಗಳಿಗೆ ಮಲಗಲು.

ಸೋಮವಾರ ಬರಲಿಲ್ಲ. ಶುಕ್ರವಾರ ಬೆಳಿಗ್ಗೆ ಭಾವ ತೋಟದಲ್ಲಿ ನೀರು ತಿರುಗಿಸಲು ಬಗ್ಗಿದವನು ಏಳಲಿಲ್ಲ.

ನಾನು ಮುಟ್ಟುವಷ್ಟರಲ್ಲಿ ಪಡಸಾಲೆಯಲ್ಲಿ ಕೂಡಿಸಿ, ವಿಭೂತಿ ಹಚ್ಚಿ, ಹೂ ಹಾಕಿದ್ದರು. ಗಂಡಸರು ಭಜನೆಗೆ ಕೂತಿದ್ದರು. ಹೆಂಗಸರು ಅಕ್ಕನ ಸುತ್ತ ಒತ್ತೊತ್ತಿ ಕೂತು ಕಾಯುತ್ತಿದ್ದರು. ಹೆಂಡತಿ ಎತ್ತಬೇಕು, ಆಮೇಲೆ ಉಳಿದವರು. ಅಕ್ಕ ಗಂಡನ ಮೊಣಕಾಲಿನ ಮೇಲೆ ಕೈ ಇಟ್ಟಳು. ಬಾಯಿ ತೆರೆದಳು. ಬಂದದ್ದು ಅದೇ ರಾಗ, ಅದೇ ಎಳೆತ. ಅವಳಿಗಿರುವುದು ಅದೊಂದೇ, ಬೇರೆ ಎಲ್ಲಿಂದ ತರಬೇಕು? ಒಂದು ಮಾತು ಮುಗಿದಿರಲಿಲ್ಲ, ಹಿಂದೆ ಕೂತಿದ್ದ ಹುಡುಗಿಯರಲ್ಲಿ ಒಬ್ಬಳು ಇನ್ನೊಬ್ಬಳ ಕಡೆ ತಿರುಗಿ ನೋಡಿದಳು. ಅಷ್ಟೇ, ಬೇರೆ ಏನೂ ಮಾಡಲಿಲ್ಲ. ಅಕ್ಕ ಅದನ್ನು ಕಂಡಳು. ಬಾಯಿ ಮುಚ್ಚಿಕೊಂಡಳು.

ಮಧ್ಯಾಹ್ನ ಮಗಳು ಬಂದಳು. ಕಾರು ಓಣಿಯ ಬಾಯಿಗೆ ನಿಂತಾಗ ಮಂದಿ ಎರಡು ಕಡೆ ಸರಿದು ದಾರಿ ಬಿಟ್ಟರು, ಸತ್ತ ಮನೆಗೆ ಬಂದವಳಿಗೆ ಅಲ್ಲ, ಸ್ಟೇಜಿಗೆ ಬಂದವಳಿಗೆ ಬಿಟ್ಟ ಹಾಗೆ. ಬಾಗಿಲಲ್ಲಿ, ಕಟ್ಟೆಯ ಮೇಲೆ, ಕಿಟಕಿಯ ಸರಳುಗಳ ನಡುವೆ ಫೋನುಗಳು ಎದ್ದವು. ನಾನು ಅಂಗಳದಲ್ಲಿದ್ದ ಬಾಳೆಯ ಕ್ರೇಟು ಎಳೆದು ಹೊಸ್ತಿಲ ಮುಂದೆ ಇಟ್ಟೆ. ಒಳಗೆ ಬರೋರು ಫೋನ್ ಇದರಾಗ ಹಾಕಿ ಬರ್ರಿ, ಇಲ್ಲಂದ್ರ ಅಲ್ಲೇ ನಿಂತು ಹೂ ಹಾಕಿ ಹೋಗ್ರಿ ಅಂದೆ. ನನ್ನ ಗಂಟಲಿಗೆ ಸಂತೆಯ ಅಭ್ಯಾಸ ಇದೆ. ಗೊಣಗಿದರು, ಹಾಕಿದರು.

ಮೂಲೆಯ ಮನೆಯ ಮುದುಕಿ ಕ್ರೇಟಿನ ಮುಂದೆ ನಿಂತು, “ನನ್ನ ಬಲ್ಲಿ ಫೋನ್ ಇಲ್ಲವ್ವಾ, ಹಲ್ಲಿನ ಸೆಟ್ ಅದ. ಹಾಕ್ಲೇನು?” ಅಂದಳು. ಯಾರೋ ನಕ್ಕರು. ಸತ್ತ ಮನೆಯಲ್ಲಿ ಅಷ್ಟು ನಗು ಇದ್ದೇ ಇರುತ್ತದೆ. ಬೇರೆ ದಿನವಾದರೆ ಅಕ್ಕನೂ ನಗುತ್ತಿದ್ದಳು.

ಮಗಳು ಬಂದು ಅಪ್ಪನ ಕಾಲಿಗೆ ಹಣೆ ಹಚ್ಚಿದಳು. ಆಮೇಲೆ ಅವ್ವನ ಕಡೆ ತಿರುಗಿದಳು. ಅಕ್ಕ ಕೈ ಚಾಚಿದಳು. ನಾನು ಅಷ್ಟು ದಿನ ಅಲೆದಾಡಿ ಹೊಂದಿಸಲಾರದ್ದು ಅಲ್ಲಿ ಒಂದು ಗಳಿಗೆಯಲ್ಲಿ ಆಯಿತು. ಇಬ್ಬರೂ ಕೊರಳಿಗೆ ಬಿದ್ದರು. ಹೆಂಗಸರೆಲ್ಲ ಸೆರಗು ಬಾಯಿಗೆ ಒಯ್ದು ತಯಾರಾದರು. ಅವ್ವ ಮಗಳ ಬೆನ್ನು ಅಲುಗುತ್ತಿತ್ತು. ದನಿ ಮಾತ್ರ ಇಲ್ಲ. ಅಳ್ರವ್ವಾ, ಅಳಬೇಕು, ಒಳಗ ಇಟ್ಕೊಬಾರದು ಎಂದು ದೊಡ್ಡವರು ಬೆನ್ನು ಸವರಿದರು. ಮಗಳು ಉಸಿರು ಎಳೆದುಕೊಂಡದ್ದು ಕೇಳಿಸಿತು. ಅದು ಹಾಡುವವರು ಎಳೆದುಕೊಳ್ಳುವ ಉಸಿರು, ಹೊಟ್ಟೆಯಿಂದ. ಅಕ್ಕನಿಗೂ ಕೇಳಿಸಿರಬೇಕು. ಮಗಳ ಬಾಯಿಯ ಮೇಲೆ ಅಂಗೈ ಒತ್ತಿ, ಕಿವಿಯಲ್ಲಿ ಹೇಳಿದಳು. ಹತ್ತಿರ ಇದ್ದ ನನಗೆ ಕೇಳಿಸಿತು.

“ಬ್ಯಾಡ. ನೀ ಏನಂದ್ರೂ ಹಾಡಾಗ್ತದ.”

ಭಾವನ ಮುದಿ ಅಕ್ಕ, ನಾನಾದರೂ ಎತ್ತುತ್ತೇನೆ ಎಂದು ಗಂಟಲು ಸರಿಮಾಡಿಕೊಂಡಳು. ಅಕ್ಕ ತಲೆ ಅಲ್ಲಾಡಿಸಿದಳು. ಹೆಂಡತಿ ಬೇಡ ಅಂದ ಮೇಲೆ ಯಾರೂ ಎತ್ತುವಂತಿಲ್ಲ. ಭಜನೆಯವರು ಒಳಗಿನಿಂದ ಅಳು ಬರುತ್ತದೆ ಎಂದು ತಾಳ ನಿಲ್ಲಿಸಿ ಕಾದರು, ಬರದೆ ಇದ್ದಾಗ ಮತ್ತೆ ಹಚ್ಚಿದರು. ಹಾಗೇ ಭಾವನನ್ನು ಎತ್ತಿದರು. ನಮ್ಮ ಮನೆತನದಲ್ಲಿ ಹೆಂಗಸರ ದನಿ ಇಲ್ಲದೆ ಮಣ್ಣಾದ ಗಂಡಸು ನನಗೆ ತಿಳಿದ ಮಟ್ಟಿಗೆ ಅವನೊಬ್ಬನೇ. ಗಂಡನಿಗೆ ಅಳದವಳು ಎಂದು ಊರು ಅಕ್ಕನನ್ನು ಅಂದಿತು, ಈಗಲೂ ಅನ್ನುತ್ತದೆ. ನಾನು ಕೆಲವರ ಜೊತೆ ಜಗಳ ಆಡಿದೆ. ಆಮೇಲೆ ಬಿಟ್ಟೆ. ಮಂದಿಗೆ ವಿವರಿಸಲು ಹೋಗಬೇಡಿ, ವಿವರಿಸಿದಷ್ಟೂ ಅವರು ಮತ್ತಷ್ಟು ಕೇಳುತ್ತಾರೆ.

ದಿನಕರ್ಮದ ತನಕ ಮಗಳು ಅಲ್ಲೇ ಇದ್ದಳು. ಇಬ್ಬರೂ ಒಂದೇ ಒಲೆಯ ಮುಂದೆ ಕೂತು ಬಂದವರಿಗೆ ಅಡುಗೆ ಮಾಡಿದರು. ಉಪ್ಪು ಕೊಡು, ಕಟ್ಟಿಗೆ ತಾ, ಇಷ್ಟೇ ಮಾತು. ಅಕ್ಕ ಅವಳನ್ನು ಬೈಯಲಿಲ್ಲ. ಬೈದಿದ್ದರೆ ನನಗೆ ಧೈರ್ಯ ಬರುತ್ತಿತ್ತು, ಬೈಯುವ ಮನುಷ್ಯ ಇನ್ನೂ ವ್ಯವಹಾರದಲ್ಲಿದ್ದಾನೆ ಎಂದರ್ಥ.

ಹೊರಡುವ ದಿನ ನನ್ನ ಗಾಡಿಯಲ್ಲೇ ಅವಳನ್ನು ಕರೆದುಕೊಂಡು ಹೊರಟೆ. ಅಕ್ಕ ಬಾಗಿಲಿಗೆ ಬಂದು ಚೌಕಟ್ಟು ಹಿಡಿದು ನಿಂತಳು. ಸಾವಿನ ಮನೆಯಿಂದ ಹೊರಡುವಾಗ ಬರ್ತೀನಿ ಅನ್ನುವಂತಿಲ್ಲ, ಒಳಗಿನವರು ಹೋಗಿ ಬಾ ಅನ್ನುವಂತಿಲ್ಲ. ಮಗಳು ಚಪ್ಪಲಿ ಮೆಟ್ಟಿ ಒಂದು ಗಳಿಗೆ ನಿಂತಳು. ಅಕ್ಕ ಅವಳ ಮುಖ ನೋಡಿದಳು, ಏನೂ ಅನ್ನಲಿಲ್ಲ. ನಾವು ತಿರುಗಿ ನೋಡದೆ ನಡೆದೆವು, ಅದೂ ಪದ್ಧತಿಯೇ.

ಊರು ದಾಟಿದ ಮೇಲೆ ಅವಳು ಕೇಳಿದಳು. “ಅವ್ವ ಏನೂ ಅನ್ನಲಿಲ್ಲ. ಪದ್ಧತಿ ಅಂತ ಅನ್ನಲಿಲ್ಲೇನು ಸಣ್ಣವ್ವ, ಇಲ್ಲಾ ನಾ ಬರೂದೇ ಬ್ಯಾಡಂತೇನು?”

ಕೇಳದವರಿಗೂ ಸಲಹೆ ಕೊಡುವವಳು ನಾನು. ಸೂತಕ ಕಳೆಯಲಿ, ಹಬ್ಬ ಒಂದು ದಾಟಲಿ, ಆಗ ಹೋಗಿ ಬಾಗಿಲಲ್ಲಿ ನಿಲ್ಲು, ವಾಪಸ್ ಬರುವಾಗ ಹೋಗಿ ಬಾ ಅಂದರೆ ಅವತ್ತಿನದು ಪದ್ಧತಿ, ಅನ್ನದಿದ್ದರೆ ನಿನಗೂ ತಿಳಿಯುತ್ತದೆ ಅಂದೆ. ಅವಳು ಹೂಂ ಅಂದಳು.

ಯುಗಾದಿ ದಾಟಿತು. ನಾಗರ ಪಂಚಮಿ ದಾಟಿತು. ಅವಳು ಬೇರೆ ಬೇರೆ ಊರುಗಳಲ್ಲಿ ಹಾಡುತ್ತಾಳೆ, ಎಲ್ಲ ಕಡೆಯೂ ಕೊನೆಗೆ ಅದನ್ನೇ ಹಾಡಿಸುತ್ತಾರೆ. ವಾರಕ್ಕೊಮ್ಮೆ ನನಗೆ ಫೋನು ಮಾಡಿ ಅವ್ವ ಹೇಗಿದ್ದಾಳೆ ಎಂದು ಕೇಳುತ್ತಾಳೆ. ಊಟ ಮಾಡುತ್ತಾಳೆ, ತೋಟಕ್ಕೆ ಹೋಗುತ್ತಾಳೆ, ಇನ್ನೂ ಅತ್ತಿಲ್ಲ ಎಂದು ಹೇಳುತ್ತೇನೆ. ಹೋಗಿ ನೋಡು ಅಂದರೆ, ಈ ತಿಂಗಳು ಆಗವಲ್ದು ಅನ್ನುತ್ತಾಳೆ. ಅಕ್ಕನೂ, ಮಗಳು ಯಾವಾಗ ಬರುತ್ತಾಳೆ ಎಂದು ನನ್ನನ್ನು ಕೇಳಿಲ್ಲ. ಕೇಳಿದರೆ ಏನು ಹೇಳಬೇಕು ಎಂದು ನಾನು ಮಾತು ಸಿದ್ಧ ಮಾಡಿ ಇಟ್ಟುಕೊಂಡಿದ್ದೇನೆ.